ಕೋಶ ವಿಭಜನೆ ಬಗ್ಗೆ ನಿಮ್ಮ ಪ್ರಶ್ನೆಗಳು, ಕೋಶವಿಜ್ಞಾನಿಯ ಉತ್ತರಗಳು

ಗುಂಪಿನ ಅಡ್ಮಿನ್: ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲು ಕೋಶವಿಜ್ಞಾನಿಯೊಬ್ಬರು ಬಂದಿದ್ದಾರೆ. ಕೋಶ ವಿಭಜನೆಯ ಬಗ್ಗೆ ಸಂಶೋಧನೆ ಮಾಡುತ್ತಾರೆ, ಪಾಠವನ್ನೂ ಮಾಡುತ್ತಾರೆ. ಯಾವ ಪ್ರಶ್ನೆಯೂ ಸಣ್ಣದಲ್ಲ, ಧೈರ್ಯವಾಗಿ ಕೇಳಿ.

ಪ್ರಶ್ನೆ (ಡಿಗ್ರಿ ಮೊದಲ ವರ್ಷದ ವಿದ್ಯಾರ್ಥಿನಿ): ಮೇಡಂ, ಈರುಳ್ಳಿಯ ತೆಳು ಪೊರೆ ಬಿಡಿಸಿ ಸ್ಲೈಡ್ ಮಾಡಿದೆ. ಕೋಶಗಳು ಚೆನ್ನಾಗಿಯೇ ಕಂಡವು. ಆದರೆ ವಿಭಜನೆ ಆಗುತ್ತಿರುವ ಕೋಶ ಒಂದೂ ಸಿಗಲಿಲ್ಲ. ಸ್ಟೇನ್ (ಬಣ್ಣ) ಸರಿಯಾಗಿ ಹಿಡಿದಿಲ್ವಾ?

ಉತ್ತರ: ಸ್ಟೇನ್ ಸರಿಯಾಗಿದೆ, ನೀವು ನೋಡಿದ ಜಾಗ ಬೇರೆ. ಆ ಪೊರೆಯ ಕೋಶಗಳು ಬೆಳೆದು ನಿಂತವು. ಅವು ವಿಭಜನೆಯ ಕೆಲಸ ಬಿಟ್ಟು ಬಹಳ ದಿನವಾಗಿರುತ್ತದೆ. ಎಷ್ಟು ಹೊತ್ತು ನೋಡಿದರೂ ಸಿಗುವುದಿಲ್ಲ.

ನಿಮಗೆ ಬೇಕಾದದ್ದು ಬೇರಿನ ತುದಿ. ಗೆಡ್ಡೆಯ ಬುಡ ನೀರಿಗೆ ತಾಗುವಂತೆ ಇಟ್ಟರೆ ಕೆಲವು ದಿನದಲ್ಲಿ ಬಿಳಿ ಬೇರು ಬರುತ್ತದೆ. ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಸಾಕು. ಅದನ್ನು ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್ ಬೆರೆಸಿದ ದ್ರಾವಣದಲ್ಲಿ ಇಟ್ಟರೆ ಕೋಶಗಳು ಇದ್ದ ಹಾಗೆಯೇ ನಿಂತುಬಿಡುತ್ತವೆ. ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಸ್ವಲ್ಪ ಬೆಚ್ಚಗೆ ಇಡಿ. ಕೋಶಗಳನ್ನು ಅಂಟಿಸಿ ಹಿಡಿದಿರುವ ಪದಾರ್ಥ ಸಡಿಲವಾಗುತ್ತದೆ. ನಂತರ ಅಸಿಟೋಕಾರ್ಮಿನ್ ಎಂಬ ಬಣ್ಣ ಹಾಕಿ, ಕವರ್ ಸ್ಲಿಪ್ ಇಟ್ಟು, ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಪಕ್ಕಕ್ಕೆ ಜಾರಿದರೆ ಎಲ್ಲ ಸುರುಳಿ ಸುತ್ತಿಕೊಂಡು ಸ್ಲೈಡ್ ಹಾಳು.

ಮೈಕ್ರೋಸ್ಕೋಪಿನಲ್ಲಿ ಮೊದಲು ಉದ್ದುದ್ದ ಕೋಶ ಕಂಡರೆ ನೀವು ತುದಿಯಿಂದ ದೂರ ಇದ್ದೀರಿ ಎಂದರ್ಥ. ಸ್ಲೈಡನ್ನು ನಿಧಾನಕ್ಕೆ ಸರಿಸಿ. ಸಣ್ಣ, ಚೌಕಾಕಾರದ, ಕೋಶಕೇಂದ್ರವೇ ಅರ್ಧ ಜಾಗ ತುಂಬಿದಂತಿರುವ ಕೋಶಗಳು ಬಂದಲ್ಲಿ ನಿಲ್ಲಿಸಿ. ವಿಭಜನೆ ಅಲ್ಲೇ ನಡೆಯುವುದು. ಈರುಳ್ಳಿಗೆ 16 ವರ್ಣತಂತುಗಳು (ಕ್ರೋಮೋಸೋಮ್, ಡಿಎನ್‌ಎ ಸುತ್ತಿಕೊಂಡಿರುವ ತಂತುಗಳು), ಅವು ದೊಡ್ಡವು ಕೂಡ. ಹಾಗಾಗಿ ಕಲಿಯುವವರಿಗೆ ಇದು ಒಳ್ಳೆಯ ಗಿಡ.

ಇನ್ನೊಂದು ಮಾತು. ಅಲ್ಲಿಯೂ ಬಹುಪಾಲು ಕೋಶಗಳು ಇಂಟರ್‌ಫೇಸ್‌ನಲ್ಲೇ, ಅಂದರೆ ಎರಡು ವಿಭಜನೆಗಳ ನಡುವಿನ ಅವಧಿಯಲ್ಲೇ ಇರುತ್ತವೆ. ಬೇಸರ ಮಾಡಿಕೊಳ್ಳಬೇಡಿ, ಎಣಿಸಿ. ಯಾವ ಹಂತ ಜಾಸ್ತಿ ಹೊತ್ತು ನಡೆಯುತ್ತದೋ ಆ ಹಂತದ ಕೋಶಗಳು ಜಾಸ್ತಿ ಸಿಗುತ್ತವೆ. ವರ್ಣತಂತುಗಳು ಸುತ್ತಿಕೊಳ್ಳುವ ಮೊದಲ ಹಂತವಾದ ಪ್ರೋಫೇಸ್ ಸುಲಭವಾಗಿ ಸಿಕ್ಕಿ, ಅವು ಎರಡು ಕಡೆಗೆ ಬೇರೆಯಾಗುವ ಅನಾಫೇಸ್‌ಗೆ ಹುಡುಕಾಡಬೇಕಾಗುವುದು ಇದಕ್ಕೇ. ನಿಂತ ಸ್ಲೈಡಿನಿಂದಲೇ ಸಮಯದ ಲೆಕ್ಕ ಹಾಕಬಹುದು, ನೋಡಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಥ್ಯಾಂಕ್ಸ್ ಮೇಡಂ. ಒಂದು ಹಂತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗಲ್ಲ. ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಅಂತ ಬಾಯಿಪಾಠ ಮಾಡಿದ್ದೇನೆ, ಅಷ್ಟೇ.

ಉತ್ತರ: ಗೊತ್ತಾಗದೇ ಇರುವುದು ಸಹಜ. ಹಂತಗಳ ನಡುವೆ ಹೆಚ್ಚಿನ ಕಡೆ ಗೆರೆಯೇ ಇಲ್ಲ. ವಾಲ್ಟರ್ ಫ್ಲೆಮಿಂಗ್ ಎಂಬ ಜರ್ಮನ್ ವಿಜ್ಞಾನಿ ಸ್ಯಾಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ಇದನ್ನೆಲ್ಲ ನೋಡಿ 1882ರಲ್ಲಿ ಪುಸ್ತಕವಾಗಿ ತಂದರು. ಬಣ್ಣ ಹಾಕಿದ ಕೋಶ ಸತ್ತ ಕೋಶ. ಅಂಥ ನೂರಾರು ಚಿತ್ರಗಳನ್ನು ಸಾಲಾಗಿ ಜೋಡಿಸಿ ಕ್ರಮ ಕಂಡುಹಿಡಿಯಬೇಕಿತ್ತು. ಹಂತಗಳ ಹೆಸರು ಆ ಜೋಡಣೆಗೆ ಅನುಕೂಲ. ಜೀವಂತ ಕೋಶದಲ್ಲಿ ಎಲ್ಲ ಒಂದೇ ಸಮನೆ ಹರಿಯುತ್ತದೆ.

ಆದರೆ ಒಂದು ಕಡೆ ಮಾತ್ರ ನಿಜವಾದ ಗೆರೆ ಇದೆ. ವರ್ಣತಂತುಗಳು ನಡುವೆ ಸಾಲಾಗಿ ನಿಲ್ಲುವ ಮೆಟಾಫೇಸ್‌ನಿಂದ ಅನಾಫೇಸ್‌ಗೆ ದಾಟುವ ಜಾಗ. ಅಲ್ಲಿ ಕೋಶ ಕಾಯುತ್ತದೆ. ನನ್ನನ್ನು ಕೇಳಿದರೆ ವಿಭಜನೆಯಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ವಿಷಯ ಈ ಕಾಯುವಿಕೆ. ಉಳಿದದ್ದು ಇದರ ಸುತ್ತ ತಾನಾಗಿ ನೆನಪಿರುತ್ತದೆ.

ಹೀಗೆ ಯೋಚಿಸಿ. ಮನುಷ್ಯನ ಒಂದು ಕೋಶದಲ್ಲಿ 46 ವರ್ಣತಂತು. ವಿಭಜನೆಗೆ ಮೊದಲೇ ಪ್ರತಿಯೊಂದೂ ನಕಲಾಗಿ, ನಕಲು ಮತ್ತು ಮೂಲ ಅಂಟಿಕೊಂಡೇ ಇರುತ್ತವೆ. ಅವೆರಡನ್ನು ಹಿಡಿದಿಡುವುದು ಕೊಹೆಸಿನ್ ಎಂಬ ಉಂಗುರದಂಥ ಪ್ರೋಟೀನ್. ಈಗ ಕೋಶ ಮಾಡಬೇಕಾದ್ದು ಇಷ್ಟೇ: ಪ್ರತಿ ಜೋಡಿಯಿಂದ ಒಂದು ಆ ಕಡೆ, ಒಂದು ಈ ಕಡೆ. 46 ಜೋಡಿಯಲ್ಲಿ ಒಂದೂ ತಪ್ಪಬಾರದು.

ಎಳೆಯುವುದು ಸ್ಪಿಂಡಲ್‌ನ ಎಳೆಗಳು, ಅಂದರೆ ವಿಭಜನೆಯ ಹೊತ್ತಿಗೆ ಕೋಶ ಕಟ್ಟಿಕೊಳ್ಳುವ ಪ್ರೋಟೀನ್ ನಾರುಗಳು. ಅವು ಸ್ಪಿಂಡಲ್‌ನ ಎರಡು ತುದಿಯಿಂದ ಹೊರಟು, ಉದ್ದವಾಗುತ್ತಾ ಕುಸಿಯುತ್ತಾ ಹುಡುಕಾಡುತ್ತವೆ. ವರ್ಣತಂತುವಿನ ನಡುವೆ ಕೈನೆಟೊಕೋರ್ ಎಂಬ ಹಿಡಿಕೆ ಇರುತ್ತದೆ. ಎಳೆ ಅದಕ್ಕೆ ಸಿಕ್ಕಿಕೊಂಡರೆ ಹಿಡಿತ. ಸಿಕ್ಕಿಕೊಳ್ಳುವುದು ಅದೃಷ್ಟದ ಮೇಲೆ. ಕೆಲವು ತಕ್ಷಣ ಸಿಗುತ್ತವೆ, ಕೆಲವು ತಡವಾಗುತ್ತವೆ. ಕಡೆಯದೊಂದು ಸಿಗುವವರೆಗೂ ಉಳಿದ 45 ಜೋಡಿಗಳು ಸಾಲಾಗಿ ನಿಂತಿರುತ್ತವೆ.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕರು): ಮೇಡಂ, ಅಡ್ಡ ಬಂದೆ, ಕ್ಷಮಿಸಿ. ಇನ್ನೂ ಒಂದು ಬಾಕಿ ಇದೆ ಅಂತ ಕೋಶಕ್ಕೆ ಹೇಗೆ ತಿಳಿಯುತ್ತದೆ? ಎಣಿಸುತ್ತದಾ?

ಉತ್ತರ: ಎಣಿಸುವುದಿಲ್ಲ ಸರ್. ಎಳೆ ಸಿಗದ ಕೈನೆಟೊಕೋರ್ ತಾನೇ ಕೂಗುತ್ತದೆ. ಅದು ಖಾಲಿ ಇರುವಷ್ಟು ಹೊತ್ತು "ನಿಲ್ಲು" ಎಂಬ ಸಂಕೇತವನ್ನು ತಯಾರಿಸುತ್ತಲೇ ಇರುತ್ತದೆ. ಮ್ಯಾಡ್2 ಎಂಬ ಪ್ರೋಟೀನ್ ಇದರ ಮುಖ್ಯ ಪಾತ್ರಧಾರಿ. ಇದಕ್ಕೆ ಬೇಕಾದ ಜೀನ್‌ಗಳು 1991ರಲ್ಲಿ ಯೀಸ್ಟ್‌ನಲ್ಲಿ ಸಿಕ್ಕವು.

1995ರಲ್ಲಿ ಕಾನ್ಲಿ ರೀಡರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಕೋಶದಲ್ಲಿ ಎಲ್ಲ ವರ್ಣತಂತುಗಳೂ ಸಾಲಾಗಿವೆ, ಒಂದು ಕೈನೆಟೊಕೋರ್ ಮಾತ್ರ ಖಾಲಿ. ಕೋಶ ಕಾಯುತ್ತಿದೆ. ಇವರು ಆ ಒಂದು ಕೈನೆಟೊಕೋರನ್ನು ಲೇಸರ್‌ನಿಂದ ಸುಟ್ಟರು. ಹಿಡಿತ ಸಿಕ್ಕಿಲ್ಲ, ಕೂಗುವುದು ಮಾತ್ರ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಕೋಶ ಅನಾಫೇಸ್‌ಗೆ ಹೋಯಿತು. ಅಂದರೆ ಒಂದೇ ಒಂದು ಖಾಲಿ ಕೈನೆಟೊಕೋರ್ ಇಡೀ ಕೋಶವನ್ನು ತಡೆದು ನಿಲ್ಲಿಸಬಲ್ಲದು. ನನ್ನ ಕ್ಷೇತ್ರದಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ ಇದು. ಪ್ರಶ್ನೆ ಸರಳ, ಉತ್ತರ ಸ್ಪಷ್ಟ.

ಸರಿಯಾದ ಹಿಡಿತ ಯಾವುದು ಎಂಬುದೂ ಮುಖ್ಯ. ಜೋಡಿಯ ಎರಡೂ ಹಿಡಿಕೆಗಳಿಗೆ ಒಂದೇ ತುದಿಯ ಎಳೆಗಳು ಸಿಕ್ಕಿಕೊಂಡರೆ? ಎರಡೂ ಒಂದೇ ಕಡೆ ಹೋಗಿಬಿಡುತ್ತವೆ ಅಲ್ವಾ? ಇಲ್ಲಿ ಬಿಗಿ ಕೆಲಸಕ್ಕೆ ಬರುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಎಳೆದಾಗ ಮಾತ್ರ ಹಗ್ಗ ಬಿಗಿಯಾಗುವಂತೆ, ಎದುರುಬದುರು ಎಳೆತ ಬಿದ್ದಾಗ ಮಾತ್ರ ಹಿಡಿತ ಗಟ್ಟಿಯಾಗುತ್ತದೆ. ಬಿಗಿ ಇಲ್ಲದ ಹಿಡಿತವನ್ನು ಅರೋರಾ ಬಿ ಎಂಬ ಕಿಣ್ವ ಸಡಿಲಿಸುತ್ತದೆ, ಮತ್ತೆ ಹುಡುಕಾಟ. 1969ರಲ್ಲಿ ಬ್ರೂಸ್ ನಿಕ್ಲಾಸ್ ಮತ್ತು ಕೋಚ್ ಮಿಡತೆಯ ಕೋಶದೊಳಗೆ ಅತಿ ಸಣ್ಣ ಸೂಜಿ ಹಾಕಿ ಬಿಗಿಯ ಈ ಪಾತ್ರವನ್ನು ತೋರಿಸಿದರು. ತಪ್ಪಾಗಿ ಸಿಕ್ಕಿಕೊಂಡ ವರ್ಣತಂತುವನ್ನು ಸೂಜಿಯಿಂದ ಎಳೆದು ಹಿಡಿದರು. ಎಳೆದಷ್ಟು ಹೊತ್ತು ಆ ತಪ್ಪು ಹಿಡಿತವೇ ಗಟ್ಟಿಯಾಗಿ ನಿಂತಿತು. ಮಕ್ಕಳಿಗೆ ಹೇಳಿ ಸರ್, ಕಣ್ಣರಳಿಸಿ ಕೇಳುತ್ತಾರೆ.

ಎಲ್ಲ ಹಿಡಿಕೆಗಳೂ ತುಂಬಿದ ಮೇಲೆ ಕೂಗು ನಿಲ್ಲುತ್ತದೆ. ಆಗ ಸೆಪರೇಸ್ ಎಂಬ ಕಿಣ್ವ ಬಿಡುಗಡೆಯಾಗಿ ಕೊಹೆಸಿನ್ ಉಂಗುರಗಳನ್ನು ಕತ್ತರಿಸುತ್ತದೆ. ಎಲ್ಲ ಜೋಡಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಬೇರೆಯಾಗುತ್ತವೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ, ಅದಕ್ಕೇ ಅಷ್ಟು ಕಾಯುವುದು.

ಪ್ರಶ್ನೆ (ಗೃಹಿಣಿ): ಇಷ್ಟೆಲ್ಲ ಕಾವಲು ಇದ್ದರೂ ಡೌನ್ ಸಿಂಡ್ರೋಮ್ ಯಾಕೆ ಆಗುತ್ತದೆ ಮೇಡಂ? ವಯಸ್ಸಾದ ಮೇಲೆ ಮಗು ಆದರೆ ಜಾಸ್ತಿ ಅಂತಾರಲ್ಲ, ಯಾಕೆ?

ಉತ್ತರ: ಒಳ್ಳೆಯ ಪ್ರಶ್ನೆ. ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. 1959ರಲ್ಲಿ ಇದು ಮೊದಲು ಪ್ರಕಟವಾಯಿತು. ಹೆಚ್ಚಿನ ಸಲ ತಪ್ಪು ನಡೆಯುವುದು ತಾಯಿಯ ಅಂಡಕೋಶ ತಯಾರಾಗುವಾಗಿನ ಮಿಯೋಸಿಸ್‌ನಲ್ಲಿ, ಅಂದರೆ ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆಯಲ್ಲಿ.

ಹೆಣ್ಣುಮಗು ಹುಟ್ಟುವ ಮೊದಲೇ ಅವಳ ಅಂಡಕೋಶಗಳು ಮಿಯೋಸಿಸ್ ಶುರುಮಾಡಿ ಅರ್ಧದಲ್ಲಿ ನಿಂತುಬಿಡುತ್ತವೆ. ಮುಂದುವರಿಯುವುದು ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ. 40ರ ವಯಸ್ಸಿನಲ್ಲಿ ಬರುವ ಅಂಡಾಣು 40 ವರ್ಷ ಕಾದಿದೆ. ಅಷ್ಟೂ ವರ್ಷ ವರ್ಣತಂತುಗಳನ್ನು ಹಿಡಿದಿಟ್ಟಿರುವುದು ಅದೇ ಕೊಹೆಸಿನ್. ಅದು ಕಾಲಕ್ರಮದಲ್ಲಿ ಸವೆಯುತ್ತದೆ, ಜೋಡಿಗಳು ಮೊದಲೇ ಸಡಿಲವಾಗುತ್ತವೆ. ಇದೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣ. ಅಂಡಕೋಶದಲ್ಲಿ ಕಾವಲೂ ಬೇರೆ ಕೋಶಗಳಷ್ಟು ಬಿಗಿಯಲ್ಲ.

ಯಾವ ತಾಯಿಯೂ ಇದರಲ್ಲಿ ತನ್ನದು ತಪ್ಪು ಎಂದುಕೊಳ್ಳಬಾರದು. ತಿಂದದ್ದರಿಂದ, ಮಾಡಿದ ಕೆಲಸದಿಂದ ಆಗುವುದಲ್ಲ ಇದು.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕರು): ಕೋಶದ ರಚನೆಯ ಚಿತ್ರ ಬರೆಸುವಾಗ ಮಕ್ಕಳಿಗೆ ಏನು ಹೇಳಬೇಕು? ಭಾಗಗಳ ಹೆಸರು ಬಿಟ್ಟರೆ ಬೇರೇನೂ ಹೇಳಲು ತೋಚುವುದಿಲ್ಲ.

ಉತ್ತರ: ಚಿತ್ರದಲ್ಲಿ ಎಲ್ಲವೂ ಬಿಡಿಬಿಡಿಯಾಗಿ, ನಡುವೆ ಖಾಲಿ ಜಾಗ ಬಿಟ್ಟು ಇರುತ್ತದೆ. ನಿಜದಲ್ಲಿ ಖಾಲಿ ಜಾಗವೇ ಇಲ್ಲ, ಪ್ರೋಟೀನ್‌ಗಳು ಒತ್ತೊತ್ತಾಗಿ ತುಂಬಿವೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾವನ್ನು ಮೊಟ್ಟೆಯಾಕಾರದಲ್ಲಿ ಬರೆಸುತ್ತೇವೆ, ಆದರೆ ಜೀವಂತ ಕೋಶದಲ್ಲಿ ಅವು ಒಂದಕ್ಕೊಂದು ಸೇರುತ್ತಾ ಬಿಡುತ್ತಾ ಓಡಾಡುವ ಬಲೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲ ಬೇರೆಯದಲ್ಲ, ಕೋಶಕೇಂದ್ರದ ಹೊರಪೊರೆಯ ಮುಂದುವರಿಕೆ. ಇನ್ನೊಂದು ಲೆಕ್ಕ ಕೊಡಿ: ಒಂದು ಕೋಶದ ಡಿಎನ್‌ಎ ಎಲ್ಲ ಬಿಡಿಸಿ ಜೋಡಿಸಿದರೆ ಸುಮಾರು 2 ಮೀಟರ್, ಅದನ್ನು ಇಟ್ಟುಕೊಂಡಿರುವ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಎಳೆಯುವ ಮೊದಲು ವರ್ಣತಂತು ಅಷ್ಟು ಗಟ್ಟಿಯಾಗಿ ಸುತ್ತಿಕೊಳ್ಳುವುದು ಯಾಕೆ ಎಂದು ಮಕ್ಕಳೇ ಹೇಳುತ್ತಾರೆ.

ಪ್ರಶ್ನೆ (ಹೆಸರು ಹಾಕದ ಸದಸ್ಯರು): ಮೈಟೋಕಾಂಡ್ರಿಯಾವನ್ನೂ ಹೀಗೇ ಎಣಿಸಿ ಹಂಚುತ್ತದಾ?

ಉತ್ತರ: ಇಲ್ಲ. ನೂರಾರು ಇರುತ್ತವೆ, ಕೋಶದ ತುಂಬ ಹರಡಿರುತ್ತವೆ, ಹಾಗಾಗಿ ಎರಡೂ ಕಡೆಗೆ ಸಾಕಷ್ಟು ಸಿಗುತ್ತವೆ. ಅವುಗಳಿಗೆ ತಮ್ಮದೇ ಸಣ್ಣ ಡಿಎನ್‌ಎ ಇದೆ, 37 ಜೀನ್‌ಗಳು. ನಮಗೆ ಅದು ಬಂದಿರುವುದು ತಾಯಿಯಿಂದ.

ಪ್ರಶ್ನೆ (ಸದಸ್ಯರೊಬ್ಬರು): ಮೇಡಂ, ನನ್ನ ಅಕ್ಕನಿಗೆ ಕೀಮೋ ನಡೀತಿದೆ. ಔಷಧಿ ಕೋಶ ವಿಭಜನೆ ನಿಲ್ಲಿಸುತ್ತದೆ ಅಂತ ಡಾಕ್ಟರ್ ಹೇಳಿದರು. ಕೂದಲು ಉದುರಿದ್ದು ಅರ್ಥವಾಯಿತು. ಆದರೆ ಬೆರಳುಗಳು ಜೋಮು ಹಿಡಿಯುತ್ತಿವೆ. ನರಗಳು ವಿಭಜನೆಯೇ ಆಗಲ್ವಲ್ಲ?

ಉತ್ತರ: ಅಕ್ಕ ಬೇಗ ಗುಣವಾಗಲಿ. ಔಷಧಿಯ ಹೆಸರು ನೀವು ಹೇಳಿಲ್ಲ, ಹಾಗಾಗಿ ವಿಭಜನೆ ತಡೆಯುವ ಇಂಥ ಎರಡು ಔಷಧಿಗಳ ಬಗ್ಗೆ ಹೇಳುತ್ತೇನೆ. ವಿಂಕ್ರಿಸ್ಟಿನ್ ಮೊದಲು ಸಿಕ್ಕಿದ್ದು ನಿತ್ಯಪುಷ್ಪ ಗಿಡದಿಂದ, ಪ್ಯಾಕ್ಲಿಟ್ಯಾಕ್ಸೆಲ್ ಯೂ ಎಂಬ ಮರದ ತೊಗಟೆಯಿಂದ. ವಿಂಕ್ರಿಸ್ಟಿನ್ ಸ್ಪಿಂಡಲ್ ಎಳೆಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಳೆಗಳು ಕುಸಿಯದಂತೆ ಹಿಡಿಯುತ್ತದೆ. ಎರಡರಲ್ಲೂ ಎಳೆಗಳ ಹುಡುಕಾಟ ಕೆಡುತ್ತದೆ, ಕ್ಯಾನ್ಸರ್ ಕೋಶಕ್ಕೆ ಸರಿಯಾಗಿ ಭಾಗವಾಗಲು ಆಗುವುದಿಲ್ಲ. ಕೂದಲ ಬುಡದ ಕೋಶಗಳೂ ಬೇಗ ಬೇಗ ಭಾಗವಾಗುವಂಥವು, ಅವಕ್ಕೂ ಪೆಟ್ಟು ಬೀಳುತ್ತದೆ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ.

ನರಕೋಶ ಭಾಗವಾಗುವುದಿಲ್ಲ ಎಂದು ನೀವು ಹೇಳಿದ್ದು ಸರಿ. ಆದರೆ ಸ್ಪಿಂಡಲ್ ಕಟ್ಟುವ ಎಳೆಗಳೇ, ಅಂದರೆ ಮೈಕ್ರೋಟ್ಯೂಬ್ಯೂಲ್‌ಗಳೇ, ನರದೊಳಗೂ ಇವೆ. ಅಲ್ಲಿ ಅವು ಸಾಗಣೆಯ ದಾರಿ. ಬೆನ್ನುಹುರಿಯ ಪಕ್ಕದ ನರಕೋಶದಿಂದ ಕೈಬೆರಳು, ಕಾಲ್ಬೆರಳ ತುದಿಯವರೆಗೆ ಬೇಕಾದ ಸಾಮಗ್ರಿ ಅವುಗಳ ಮೇಲೇ ಹೋಗುತ್ತದೆ. ಔಷಧಿ ಆ ದಾರಿಯನ್ನೂ ಕೆಡಿಸುತ್ತದೆ. ಉದ್ದನೆಯ ನರಗಳಿಗೆ ಮೊದಲು ತೊಂದರೆ, ಅದಕ್ಕೇ ಬೆರಳುಗಳಲ್ಲಿ ಶುರುವಾಗುವುದು.

ಜೋಮಿನ ವಿಷಯವನ್ನು ಅಕ್ಕ ತಪ್ಪದೆ ಡಾಕ್ಟರಿಗೆ ಹೇಳಲಿ. ಮುಂದಿನ ಡೋಸ್‌ವರೆಗೂ ಕಾಯಬೇಡಿ. ಗುಂಡಿ ಹಾಕಿಕೊಳ್ಳಲು ಕಷ್ಟವಾಗುತ್ತಿದೆಯಾ, ನಡೆಯುವಾಗ ಕಾಲು ತಡವರಿಸುತ್ತದೆಯಾ ಎಂದೂ ಗಮನಿಸಿ ಹೇಳಿ. ಡೋಸ್ ಕಡಿಮೆ ಮಾಡಬೇಕೋ, ನಿಲ್ಲಿಸಬೇಕೋ ಎಂದು ಅವರು ತೀರ್ಮಾನಿಸುವುದು ಇಂಥ ವಿವರಗಳ ಮೇಲೆಯೇ.