ಪ್ರಶ್ನೋತ್ತರ: ಖಿನ್ನತೆಗೆ ಹಾಕಿದ ರಜೆ ಮುಗಿಯುತ್ತಾ ಬಂತು, ಕೆಲಸಕ್ಕೆ ಯಾವಾಗ ಹೋಗಲಿ?

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ಶಿವಮೊಗ್ಗ ಕಡೆಯವರು)

ನಮಸ್ತೆ ಮೇಡಂ. ನನಗೆ 38 ವರ್ಷ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ಕೆಲಸ. ದಸರಾ ಕಳೆದ ಮೇಲೆ ನಿದ್ದೆ ಕೆಟ್ಟಿತು, ಸುಮ್ನೆ ಸುಮ್ನೆ ಅಳು. ನೋಟು ಎಣಿಸುತ್ತಾ ಎಲ್ಲಿಗೆ ಬಂದೆ ಅಂತಲೇ ಮರೆತುಹೋಗುತ್ತಿತ್ತು. ಎರಡು ಸಲ ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ಒಂದು ಸಲ 2,000 ರೂಪಾಯಿ ಕೈಯಿಂದ ಕಟ್ಟಿದೆ. ಡಾಕ್ಟರು ಖಿನ್ನತೆ ಅಂದರು. ಡಿಸೆಂಬರ್ ಮಧ್ಯದಿಂದ ಮೆಡಿಕಲ್ ಲೀವ್‌ನಲ್ಲಿದ್ದೇನೆ. ಬೆಳಗ್ಗೆ ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ಮಾತ್ರೆ, ರಾತ್ರಿ ನಿದ್ದೆಗೆ ಅರ್ಧ ಕ್ಲೋನಾಜೆಪಾಮ್.

ಈಗ ಅಳು ನಿಂತಿದೆ, ಊಟ ಸೇರುತ್ತಿದೆ. ಆದರೆ ಬೆಳಗ್ಗೆ 9 ಗಂಟೆವರೆಗೆ ಮೈ ಎತ್ತೋಕಾಗಲ್ಲ. ಫೆಬ್ರವರಿ ಕೊನೆಗೆ ರಜೆ ಮುಗಿಯುತ್ತದೆ, ಇನ್ನು 12 ದಿನ. ಅತ್ತೆ "ಮನೇಲಿ ಕೂತರೆ ಯೋಚನೆ ಜಾಸ್ತಿ, ಹೋಗು" ಅಂತಾರೆ. ನಮ್ಮನೆಯವರು "ಇನ್ನೊಂದು ತಿಂಗಳು ಮುಂದುವರಿಸು" ಅಂತಾರೆ. ಮುಂದಿನ ವಾರ ನನ್ನ ಡಾಕ್ಟರನ್ನು ನೋಡಬೇಕು. ಅವರು ಕೇಳಿದರೆ ಏನು ಹೇಳಲಿ?

ಉತ್ತರ (ಮನೋವೈದ್ಯೆ)

ನಿಮ್ಮ ಅತ್ತೆ, ಯಜಮಾನರು ಇಬ್ಬರೂ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಆದರೆ ಅವರಿಗೆ ಕಾಣುವುದು ನಿಮ್ಮ ಮುಖ. ನನಗೆ ತಿಳಿಯಬೇಕಾದದ್ದು ನಿಮ್ಮ ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು.

ಖಿನ್ನತೆ ಇಳಿಯುವಾಗ ಎಲ್ಲವೂ ಒಟ್ಟಿಗೆ ಇಳಿಯುವುದಿಲ್ಲ. ಹೆಚ್ಚಿನವರಲ್ಲಿ ನಿದ್ದೆ, ಹಸಿವು ಮೊದಲು ಸುಧಾರಿಸುತ್ತವೆ. ಆಮೇಲೆ ಮನಸ್ಸು ಹಗುರಾಗುತ್ತದೆ. ಗಮನ, ನೆನಪು, ತಟ್ಟನೆ ತೀರ್ಮಾನ ಮಾಡುವ ಶಕ್ತಿ, ಇವು ಎಷ್ಟೋ ಜನರಲ್ಲಿ ಕೊನೆಗೆ ಬರುತ್ತವೆ. ಮನೆಯವರು "ಈಗ ಚೆನ್ನಾಗಿದ್ದಾಳೆ" ಅನ್ನುವ ಹೊತ್ತಿಗೆ ನೀವು ಚೆನ್ನಾಗಿರುವುದು ನಿಜ. ಕ್ಯಾಶ್ ಕೌಂಟರ್‌ಗೆ ಬೇಕಾದಷ್ಟು ಗಮನ ಮಾತ್ರ ಇನ್ನೂ ಬಂದಿರದೆ ಇರಬಹುದು. ಮೊದಲ ವಾರವೇ ಮತ್ತೆ 500 ರೂಪಾಯಿ ಕಡಿಮೆ ಬಂತು ಅಂದುಕೊಳ್ಳಿ. ದುಡ್ಡು ಹೋದರೆ ಹೋಗಲಿ, "ನನ್ನ ಕೈಲಿ ಇನ್ನು ಆಗಲ್ಲ" ಅನ್ನುವ ಮಾತು ಒಳಗೆ ಕೂತುಬಿಡುತ್ತದಲ್ಲ, ನನಗೆ ಅದರದ್ದೇ ಭಯ.

ಹಾಗಂತ ಪೂರ್ತಿ ಖುಷಿಯಾಗುವ ತನಕ ಕಾಯಿರಿ ಅಂತ ನಾನು ಹೇಳಲ್ಲ. ಮನೆಯಲ್ಲೇ ಇದ್ದಷ್ಟೂ ಬ್ರಾಂಚಿನ ಬಾಗಿಲು ದೂರ ಹೋಗುತ್ತದೆ, ಹೆದರಿಕೆ ಬೆಳೆಯುತ್ತದೆ. ಅತ್ತೆ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ.

ಮುಂದಿನ ವಾರದೊಳಗೆ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಪೇಪರಿನ ಒಂದು ಉದ್ದದ ಸುದ್ದಿ ಓದಿ, ಪಕ್ಕಕ್ಕಿಟ್ಟು ಅದರಲ್ಲಿ ಏನಿತ್ತು ಅಂತ ಮಗುವಿಗೋ ಯಜಮಾನರಿಗೋ ಹೇಳಿ. ತಿಂಗಳ ದಿನಸಿ, ಹಾಲು, ಕರೆಂಟ್ ಬಿಲ್ಲಿನ ಲೆಕ್ಕವನ್ನು ಕ್ಯಾಲ್ಕುಲೇಟರ್ ಇಲ್ಲದೆ ಕೂಡಿಸಿ, ಎರಡನೇ ಸಲ ಕೂಡಿಸಿದಾಗ ಅದೇ ಮೊತ್ತ ಬರುತ್ತಾ ನೋಡಿ. ಬೆಳಗಿನ ತಿಂಡಿ, ಮಧ್ಯಾಹ್ನದ ಅಡುಗೆ ಎರಡನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿದ ಮೇಲೂ ಸಂಜೆಗೆ ಸ್ವಲ್ಪ ಶಕ್ತಿ ಉಳಿಯುತ್ತಾ? ಇವೆಲ್ಲ ಒಂದು ದಿನ ಆದರೆ ಸಾಲದು. ಸತತ ಒಂದು ವಾರ ಆಗಬೇಕು. ನಡುವೆ ಒಂದು ಕೆಟ್ಟ ದಿನ ಬಂದರೆ ಗಾಬರಿ ಬೇಡ, ಗುಣವಾಗುವುದು ಹಾಗೇ, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಆಮೇಲೆ ಬಸ್ಸಿನ ಪರೀಕ್ಷೆ. ಡ್ಯೂಟಿಗೆ ಏಳುವ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಡಬ್ಬಿ ಕಟ್ಟಿಕೊಂಡು ಬ್ರಾಂಚ್‌ವರೆಗೆ ಹೋಗಿ. ಒಳಗೆ ಹೋಗಬೇಡಿ. ಹತ್ತಿರದಲ್ಲಿ ಕಾಫಿ ಕುಡಿದು ಬನ್ನಿ. ಮೂರು ದಿನ ಹೀಗೆ ಮಾಡಿ.

ಬೆಳಗಿನ ಭಾರಕ್ಕೆ ಕಾರಣ ಎರಡಿರಬಹುದು. ಖಿನ್ನತೆಯೇ ಬೆಳಗ್ಗೆ ಜಾಸ್ತಿ, ಸಂಜೆ ಕಡಿಮೆ ಆಗಿರುವುದುಂಟು. ರಾತ್ರಿಯ ಕ್ಲೋನಾಜೆಪಾಮ್‌ನ ಮಂಪರು ಬೆಳಗಿನ ತನಕ ಉಳಿಯುವುದೂ ಉಂಟು. ಇದನ್ನು ನಿಮ್ಮ ಡಾಕ್ಟರಿಗೆ ಮೊದಲು ಹೇಳಿ, ಅವರು ಪ್ರಮಾಣ ಸರಿಮಾಡುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಈ ಮಂಪರಿನಲ್ಲಿ ಸ್ಕೂಟಿ ಓಡಿಸುವುದೂ ಸದ್ಯಕ್ಕೆ ಬೇಡ.

ಇನ್ನೊಂದು ವಿಷಯ. ರಜೆ ಮುಗಿದ ಮರುದಿನ ಮಾರ್ಚ್ 1. ತಿಂಗಳ ಮೊದಲ ವಾರ ಪಿಂಚಣಿ ತೆಗೆಯುವವರ ಸಾಲು ಹೇಗಿರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ಸಾಲಿನ ಎದುರು ಮೊದಲ ದಿನ ಕೂರಬೇಡಿ. ನಿಮ್ಮ ಡಾಕ್ಟರು ಒಪ್ಪಿದರೆ ಹತ್ತು ದಿನ ರಜೆ ಮುಂದುವರಿಸಿ. ಒಂದು ಗುರುವಾರ ಜಾಯಿನ್ ಆಗಿ, ಅದೂ ಎರಡನೇ ಶನಿವಾರ ಇರುವ ವಾರ. ಎರಡು ದಿನ ಕೆಲಸ, ಎರಡು ದಿನ ಬಿಡುವು ಸಿಗುತ್ತದೆ. ಫಿಟ್‌ನೆಸ್ ಸರ್ಟಿಫಿಕೇಟ್ ಬರೆಯುವಾಗ "ಮೊದಲ ನಾಲ್ಕು ವಾರ ನಗದು ವ್ಯವಹಾರ ಬಿಟ್ಟು ಬೇರೆ ಕೆಲಸ ಕೊಡುವುದು ಒಳ್ಳೆಯದು" ಅಂತ ಒಂದು ಸಾಲು ಸೇರಿಸಲು ಡಾಕ್ಟರನ್ನು ಕೇಳಿ. ಪಾಸ್‌ಬುಕ್ ಎಂಟ್ರಿ, ಕೆವೈಸಿ ಫಾರ್ಮು, ಇಂಥದ್ದು ಸಿಕ್ಕರೆ ಸಾಕು. ಮ್ಯಾನೇಜರ್ ಕೊಟ್ಟೇ ಕೊಡುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಆದರೆ ಕಾಗದದಲ್ಲಿ ಇದ್ದರೆ ನೀವು ಬಾಯಿಬಿಟ್ಟು ಬೇಡುವ ಕಷ್ಟ ತಪ್ಪುತ್ತದೆ.

ಸದಸ್ಯರೊಬ್ಬರು (ಬೆಂಗಳೂರು, ಐಟಿ ಕೆಲಸ)

ಮೇಡಂ, ನಮ್ಮ ಎಚ್‌ಆರ್‌ನವರು ಏನು ಕಾಯಿಲೆ ಅಂತ ಹೇಳಲೇಬೇಕು ಅಂತಿದ್ದಾರೆ. ಡಾಕ್ಟರಿಗೇ ಫೋನ್ ಮಾಡಿ ಕೇಳ್ತೀವಿ ಅಂದರು. ಹೇಳಬೇಕಾ?

ಉತ್ತರ

ಫೋನ್ ಮಾಡಿದರೂ ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟರು ಅವರಿಗೆ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುತ್ತದೆ. ಪ್ರಾಣಾಪಾಯ, ಕೋರ್ಟಿನ ಆದೇಶದಂಥ ಕೆಲವು ಸಂದರ್ಭಗಳನ್ನು ಮಾತ್ರ ಅದು ಹೊರಗಿಟ್ಟಿದೆ. ಎಚ್‌ಆರ್ ಕುತೂಹಲ ಆ ಪಟ್ಟಿಯಲ್ಲಿಲ್ಲ. "ಚಿಕಿತ್ಸೆಯಲ್ಲಿದ್ದರು, ಈ ದಿನದಿಂದ ಕೆಲಸಕ್ಕೆ ಫಿಟ್" ಅಂತ ಬರೆಸಿಕೊಂಡು ಕೊಟ್ಟು ನೋಡಿ. ನಂಬಿಕಸ್ಥ ಟೀಮ್ ಲೀಡ್ ಇದ್ದರೆ ಅವರೊಬ್ಬರಿಗೆ ಹೇಳಿದವರಿಗೆ ವಾಪಸ್ ಹೋಗುವುದು ಸಲೀಸಾದದ್ದನ್ನು ಕಂಡಿದ್ದೇನೆ. ಅದು ನಿಮ್ಮಿಷ್ಟ.

ಸದಸ್ಯರೊಬ್ಬರು (ಹಾಸನ, ಹೈಸ್ಕೂಲ್ ಮೇಷ್ಟ್ರು)

ನನ್ನ ಅನುಭವ ಹೇಳ್ತೀನಿ ಅಕ್ಕ. ಸ್ಕೂಲ್ ಶುರುವಾಗುತ್ತೆ ಅಂತ ಆರನೇ ವಾರಕ್ಕೇ ಹೋದೆ. ಕೆಲಸಕ್ಕೇ ಹೋಗ್ತಿದ್ದೀನಲ್ಲ, ಇನ್ಯಾಕೆ ಅಂತ ಮಾತ್ರೆಯನ್ನೂ ಬಿಟ್ಟೆ. ಮೂರೇ ದಿನಕ್ಕೆ ತಲೆ ತಿರುಗೋದು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ದಸರಾ ರಜೆ ಬರೋ ಹೊತ್ತಿಗೆ ಮತ್ತೆ ಹಾಸಿಗೆ ಹಿಡಿದೆ. ಎರಡನೇ ಸಲ ನಿಧಾನಕ್ಕೆ ಹೋದೆ. ಹೆಡ್‌ಮಾಸ್ಟರ್ ಮೊದಲ ಹದಿನೈದು ದಿನ ದಿನಕ್ಕೆ ಎರಡೇ ಪೀರಿಯಡ್ ಕೊಟ್ಟರು. ಈಗ ಆರಾಮಿದ್ದೀನಿ.

ಉತ್ತರ

ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಆ ಕರೆಂಟ್ ಹೊಡೆದ ಹಾಗೆ ಆಗುವುದು ಮಾತ್ರೆ ಥಟ್ಟನೆ ನಿಲ್ಲಿಸಿದ್ದರಿಂದ. ಎಲ್ಲರೂ ಗಮನಿಸಿ. ಮೊದಲ ಸಲ ಖಿನ್ನತೆ ಬಂದವರು ಪೂರ್ತಿ ಚೆನ್ನಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಮಾತ್ರೆ ಮುಂದುವರಿಸಬೇಕು. ಮತ್ತೆ ಮತ್ತೆ ಬಂದವರು ಇನ್ನೂ ಜಾಸ್ತಿ. ಕೆಲಸಕ್ಕೆ ಮರಳುವ ತಿಂಗಳಲ್ಲಂತೂ ಮಾತ್ರೆಯ ತಂಟೆಗೇ ಹೋಗಬೇಡಿ. ಹೊಸ ಒತ್ತಡ ಬರುವುದೂ ಆಸರೆ ತೆಗೆಯುವುದೂ ಒಟ್ಟಿಗೆ ಆಗಬಾರದು.

ಇಲ್ಲಿ ಓದುತ್ತಿರುವ ಯಾರಿಗಾದರೂ ಬದುಕೇ ಬೇಡ ಅನ್ನಿಸುತ್ತಿದ್ದರೆ ಕೆಲಸದ ಯೋಚನೆ ಬದಿಗಿಡಿ. ಇವತ್ತೇ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲು ಪ್ರಶ್ನೆ ಕೇಳಿದವರು (ಐದು ದಿನದ ನಂತರ)

ಮೇಡಂ, ನೀವು ಹೇಳಿದ ಹಾಗೆ ಇವತ್ತು ಹೋಗಿದ್ದೆ. ಗಾರ್ಡ್ ಶಟರ್ ಎತ್ತುತ್ತಿದ್ದರು. ನನ್ನ ನೋಡಿ "ಏನ್ ಮೇಡಂ, ಬಂದ್ರಾ?" ಅಂದರು. ಎದೆ ಢವಢವ ಹೊಡೆದುಕೊಂಡಿತು, ಅಂಗೈ ಒದ್ದೆ. ಎದುರಿನ ಹೋಟೆಲಲ್ಲಿ ಕಾಫಿ ತಗೊಂಡು ಕೂತೆ. ಲೋಟ ಖಾಲಿಯಾಗೋ ಹೊತ್ತಿಗೆ ಸರಿಯಾಯಿತು. ಮನೆಗೆ ಬಂದು ಎರಡು ಗಂಟೆ ಮಲಗಿಬಿಟ್ಟೆ. ದಿನಸಿ ಲೆಕ್ಕ ಎರಡು ಸಲವೂ ಸರಿ ಬಂತು, ಮೂರು ದಿನದಿಂದ. ಇದು ಪಾಸಾ, ಫೇಲಾ?

ಉತ್ತರ

ಲೆಕ್ಕ ಸರಿ ಬಂದದ್ದು ಕೇಳಿ ನಿಜವಾಗಲೂ ಖುಷಿಯಾಯಿತು. ಎದೆ ಹೊಡೆದುಕೊಂಡದ್ದು ಒಂದು ಲೋಟ ಕಾಫಿಯಷ್ಟು ಹೊತ್ತಿಗೆ ಇಳಿಯಿತಲ್ಲ, ಅದು ಹೆದರಿಕೆ. ಹೋದಷ್ಟೂ ಕಡಿಮೆಯಾಗುತ್ತದೆ. ನಾನು ಗಮನಿಸುವುದು ಆ ಎರಡು ಗಂಟೆಯ ನಿದ್ದೆಯನ್ನು. ನಾಳೆ, ನಾಡಿದ್ದು ಮತ್ತೆ ಹೋಗಿ ಬನ್ನಿ. ಮೂರನೇ ದಿನ ಅರ್ಧ ಗಂಟೆ ಕಾಲು ಚಾಚಿದರೆ ಸಾಕು ಅನ್ನಿಸಿದರೆ ಹತ್ತು ದಿನದ ರಜೆ ಸಾಲಬಹುದು. ಮೂರನೇ ದಿನವೂ ಎರಡು ಗಂಟೆ ಬೇಕಾದರೆ ಮೂರು ವಾರ ಕೇಳಿ. ಗಾರ್ಡ್ ಮಾತಾಡಿಸಿದ್ದು, ಕಾಫಿ, ನಿದ್ದೆ, ಎಲ್ಲವನ್ನೂ ಇಲ್ಲಿ ಬರೆದ ಹಾಗೇ ಒಂದು ಚೀಟಿಯಲ್ಲಿ ಬರೆದು ನಿಮ್ಮ ಡಾಕ್ಟರ ಕೈಗೆ ಕೊಡಿ. ಅವರ ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ.