ಡಾರ್ಕ್ ಮ್ಯಾಟರ್‌ಗೆ ಫ್ಲೆಕ್ಸಿನಲ್ಲಿ ಏನು ಬರೆಯೋಣ? (ಸ್ವಲ್ಪ ಅರ್ಜೆಂಟು)

ಪ್ರಶ್ನೆ: ಮಡಿಕೇರಿಯಿಂದ, ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಬಾಹ್ಯಾಕಾಶ ದೂರದರ್ಶಕಗಳ ಬಗ್ಗೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಅಂಗಡಿಯವರು ನಾಳೆ ಮಧ್ಯಾಹ್ನದೊಳಗೆ ಮ್ಯಾಟರ್ ಕೊಡಿ ಅಂತಿದ್ದಾರೆ. ನನಗೆ ಸಿಗದೇ ಇರೋದೂ ಮ್ಯಾಟರ್ರೇ! ತಲೆಬರಹ ಇಷ್ಟಾಗಿದೆ: ‘ಯೂಕ್ಲಿಡ್ ಹುಡುಕುತ್ತಿರುವ...’ (ಯೂಕ್ಲಿಡ್ ಅಂಥದ್ದೊಂದು ದೂರದರ್ಶಕ.) ಮುಂದೆ ಡಾರ್ಕ್ ಮ್ಯಾಟರ್‌ಗೆ ಕನ್ನಡದಲ್ಲಿ ಏನು?

ಮಕ್ಕಳು ಒಂದೊಂದು ಚಾರ್ಟಿನಲ್ಲಿ ಒಂದೊಂದು ಬರೆದಿದ್ದಾರೆ. ಕಪ್ಪು ದ್ರವ್ಯ, ಕಪ್ಪು ವಸ್ತು, ಕೃಷ್ಣದ್ರವ್ಯ. ಎಂಟನೇ ಕ್ಲಾಸಿನ ಒಬ್ಬ ಗೆಲಾಕ್ಸಿ ಬರೆದು, ಅದರ ಸುತ್ತ ಡಾಂಬರು ಬಳಿದ ಹಾಗೆ ಕಪ್ಪು ಪೇಂಟ್ ಮೆತ್ತಿ, ಬಾಣದ ಗುರುತು ಹಾಕಿ ‘ಕಪ್ಪು ದ್ರವ್ಯ’ ಅಂತ ಬರೆದಿದ್ದಾನೆ. ಅದನ್ನು ನೋಡಿದ ಮೇಲೆ ‘ಕಪ್ಪು’ ಬೇಡವೇ ಬೇಡ ಅನಿಸಿದೆ. ಹಾಗೇ ಗ್ರಾವಿಟೇಶನಲ್ ಲೆನ್ಸ್‌ಗೆ ‘ಗುರುತ್ವ ಮಸೂರ’ ನಡೆಯುತ್ತಾ ಅಂತಲೂ ಹೇಳಿ.

ವಿರಾಜಪೇಟೆಯಿಂದ, ನಿವೃತ್ತ ಕನ್ನಡ ಮೇಷ್ಟ್ರು

‘ಕಪ್ಪುದ್ರವ್ಯ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ದೋಷ. ಬಿಡಿಸಿ ಬರೆದ ಮಾತ್ರಕ್ಕೆ ದೋಷ ಹೋಗುವುದಿಲ್ಲ. ‘ಕೃಷ್ಣದ್ರವ್ಯ’ ಇಲ್ಲವೇ ‘ತಮೋದ್ರವ್ಯ’. ಕೇಶಿರಾಜನ ಸಮಾಸ ಪ್ರಕರಣ ಓದಿದವರಿಗೆ ಇದರಲ್ಲಿ ಚರ್ಚೆಯೇ ಇಲ್ಲ.

ಮಸೂರ ಸರಿ. ಸಂಸ್ಕೃತದಲ್ಲಿ ಮಸೂರ ಅಂದರೆ ನಮ್ಮ ಚನ್ನಂಗಿ ಬೇಳೆ. ಲ್ಯಾಟಿನ್ನಿನಲ್ಲಿ ಲೆನ್ಸ್ ಅಂದರೂ ಅದೇ ಬೇಳೆ. ಆಕಾರ ನೋಡಿ ಇಟ್ಟ ಹೆಸರು. ಇಂಥ ಪದ ಮಾಡುವವರು ಈಗ ಎಲ್ಲಿದ್ದಾರೆ?

ಸೋಮವಾರಪೇಟೆಯಿಂದ, ಕಾಫಿ ಬೆಳೆಗಾರ

ಮೇಷ್ಟ್ರೇ, ‘ಮಳೆಗಾಲ’ ಅರಿಸಮಾಸ ಅಲ್ವಾ? ಕಾಲ ಸಂಸ್ಕೃತ ತಾನೆ? ಕೊಡಗಿನವರು ಜೂನಿನಿಂದ ಅರಿಸಮಾಸದಲ್ಲೇ ನೆನೀತಾ ಇದ್ದೀವಿ, ಯಾರಿಗೂ ದೋಷ ತಟ್ಟಿಲ್ಲ. ಇನ್ನು ‘ಕೃಷ್ಣದ್ರವ್ಯ’ ಅಂತ ಹಾಕಿದ್ರೆ ಬಂದವರು ತೀರ್ಥ ಅಂತ ಕೈ ಚಾಚ್ತಾರೆ. ಸುಮ್ನೆ ‘ಡಾರ್ಕ್ ಮ್ಯಾಟರ್’ ಅಂತ ಹಾಕಿ ಮೇಡಂ.

ಪೊನ್ನಂಪೇಟೆಯಿಂದ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು

ಪದ ಹಿಡಿದು ಜಗ್ಗಾಡುತ್ತಿದ್ದೀರಿ, ಪದಾರ್ಥ ಏನು ಅಂತ ಯಾರೂ ಕೇಳಲಿಲ್ಲ. ಅದು ಕಪ್ಪಲ್ಲ. ಕಪ್ಪು ಅಂದರೆ ಬೆಳಕನ್ನು ನುಂಗುವಂಥದ್ದು. ಆಕಾಶಗಂಗೆಯಲ್ಲಿ ಧೂಳಿನ ಮೋಡಗಳಿವೆ, ಹಿಂದಿನ ನಕ್ಷತ್ರಗಳನ್ನು ಮರೆಮಾಡುತ್ತವೆ. ಅವನ್ನು ಕಪ್ಪು ಅನ್ನಿ, ಒಪ್ಪುತ್ತೇನೆ. ಇದು ಬೆಳಕು ಬೀರುವುದೂ ಇಲ್ಲ, ನುಂಗುವುದೂ ಇಲ್ಲ. ಬೆಳಕು ಅದರೊಳಗೇ ಹಾದು ಬರುತ್ತದೆ. ಅದು ಇದೆ ಅಂತ ಗೊತ್ತಾಗೋದು ಗುರುತ್ವದಿಂದ ಮಾತ್ರ.

ಹಳೇ ಬಂಗಲೆಗಳ ಕಿಟಕಿ ಗಾಜು ನೋಡಿರುತ್ತೀರಿ. ಗಾಜು ಕಾಣೋದಿಲ್ಲ, ಆದರೆ ಆಚೆಗಿರುವ ಸಿಲ್ವರ್ ಓಕ್ ಮರ ಮಧ್ಯದಲ್ಲಿ ಸೊಟ್ಟಗಿರುತ್ತದೆ. ಸೊಟ್ಟ ಎಷ್ಟು ಅಂತ ಅಳೆದರೆ ಗಾಜು ಎಲ್ಲಿ ದಪ್ಪ ಅಂತ ಹೇಳಬಹುದು. ಯೂಕ್ಲಿಡ್ ಮಾಡುತ್ತಿರುವುದು ಇದೇ ಕೆಲಸ. 2023ರ ಜುಲೈ 1ರಂದು ಹಾರಿದ ಯುರೋಪಿನ ದೂರದರ್ಶಕ ಅದು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ಇದೆ. ಕನ್ನಡಿ 1.2 ಮೀಟರ್ ಅಷ್ಟೇ. ಆದರೆ 6 ವರ್ಷದಲ್ಲಿ ಆಕಾಶದ ಮೂರನೇ ಒಂದು ಭಾಗದ ಚಿತ್ರ ತೆಗೆಯಬೇಕು. ದೂರದ ಗೆಲಾಕ್ಸಿಗಳ ಬೆಳಕು ಬರುವ ದಾರಿಯಲ್ಲಿ ಈ ದ್ರವ್ಯ ಇದ್ದರೆ ಅದರ ಗುರುತ್ವಕ್ಕೆ ಬೆಳಕು ಬಾಗಿ ಅವುಗಳ ಆಕಾರ ಒಂಚೂರು ಎಳೆದಂತಾಗುತ್ತದೆ. ಗುರುತ್ವ ಮಸೂರ ಅಂದರೆ ಇದೇ. ಒಂದು ಗೆಲಾಕ್ಸಿ ನೋಡಿದರೆ ಏನೂ ತಿಳಿಯದು, ಕೋಟಿಗಟ್ಟಲೆ ಅಳೆಯಬೇಕು. ನೆಲದಿಂದ ನೋಡಿದರೆ ವಾತಾವರಣವೇ ಚಿತ್ರವನ್ನು ಕದಡುತ್ತದೆ. ಅದಕ್ಕೇ ಮೇಲೆ ಹೋಗೋದು.

ಯೂಕ್ಲಿಡ್‌ಗೆ ಎನ್‌ಜಿಸಿ 6505 ಅನ್ನುವ ಗೆಲಾಕ್ಸಿಯ ಸುತ್ತ ಬೆಳಕಿನ ಪೂರ್ತಿ ಉಂಗುರ ಸಿಕ್ಕಿತು ಅಂತ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಹಿಂದಿದ್ದ ಇನ್ನೊಂದು ಗೆಲಾಕ್ಸಿಯ ಬೆಳಕು ಬಾಗಿ ಬಳೆಯಾಗಿದ್ದು. ಉಂಗುರದೊಳಗಿನ ದ್ರವ್ಯರಾಶಿಯಲ್ಲಿ ಡಾರ್ಕ್ ಮ್ಯಾಟರ್ ಪಾಲು ಸುಮಾರು 11 ಶೇಕಡಾ ಅಂತ ಲೆಕ್ಕ ಹಾಕಿದ್ದಾರೆ. ಮೇಡಂ, ಫ್ಲೆಕ್ಸಿಗೆ ಆ ಚಿತ್ರ ಹಾಕಿ. 2008ರಲ್ಲಿ ಹಾರಿದ ಫರ್ಮಿ ದೂರದರ್ಶಕವನ್ನು ಇದರ ಜೊತೆ ಸೇರಿಸಬೇಡಿ. ಅದು ಹುಡುಕುವ ರೀತಿಯೇ ಬೇರೆ. ಡಾರ್ಕ್ ಮ್ಯಾಟರ್ ಕಣಗಳು ಒಂದಕ್ಕೊಂದು ತಾಗಿ ನಾಶವಾದರೆ ಗಾಮಾ ಕಿರಣ ಬರಬಹುದು ಅಂತ ನೋಡುತ್ತದೆ.

ನನ್ನ ಓಟು ‘ಕಾಣದ ದ್ರವ್ಯ’ಕ್ಕೆ. ‘ವಸ್ತು’ ಬೇಡ. ಪಾಠದಲ್ಲಿ ದ್ರವ್ಯ, ದ್ರವ್ಯರಾಶಿ ಅಂತಲೇ ಇದೆ, ಇಲ್ಲಿ ಅಳೆಯುವುದೂ ಅದನ್ನೇ.

ವಿರಾಜಪೇಟೆಯ ಮೇಷ್ಟ್ರು

ಗಾಳಿಯೂ ಕಾಣದು. ಅದೂ ಡಾರ್ಕ್ ಮ್ಯಾಟರ್ರೋ? 1933ರಲ್ಲಿ ಖಗೋಳ ವಿಜ್ಞಾನಿ ಜ್ವಿಕಿ ಜರ್ಮನ್ನಿನಲ್ಲಿ ಬರೆದದ್ದು ‘ಡುಂಕೆಲ್’, ಅಂದರೆ ಬೆಳಕಿಲ್ಲದ್ದು. ‘ತಮೋ’ ಅದಕ್ಕೆ ಸರಿಯಾಗಿ ಕೂರುತ್ತದೆ.

ಪೊನ್ನಂಪೇಟೆ

ಹೆಸರು ಬೇರೆ, ವ್ಯಾಖ್ಯೆ ಬೇರೆ ಸಾರ್. ಕೋಮಾ ಅನ್ನುವ ಗೆಲಾಕ್ಸಿ ಗುಚ್ಛದೊಳಗಿನ ಗೆಲಾಕ್ಸಿಗಳು ಅಷ್ಟು ಜೋರಾಗಿ ಓಡಬೇಕಾದರೆ ಕಣ್ಣಿಗೆ ಬೀಳದ ದ್ರವ್ಯ ಜಾಸ್ತಿ ಇರಲೇಬೇಕು ಅಂದರು ಜ್ವಿಕಿ. ‘ಡುಂಕೆಲ್’ ಅಂದರೇ ಹೊರತು ಕಪ್ಪು ಅನ್ನಲಿಲ್ಲ. ಕಪ್ಪಿಗೆ ಆ ಭಾಷೆಯಲ್ಲಿ ‘ಶ್ವಾರ್ಟ್ಸ್’ ಇದೆ. ಅಲ್ಲಿಗೆ ನಿಮ್ಮ ‘ಕೃಷ್ಣ’ ನೀವೇ ಕಳೆದುಕೊಂಡಿರಿ. ಇನ್ನು ‘ತಮೋದ್ರವ್ಯ’, ಎಂಟನೇ ಕ್ಲಾಸಿನ ಬಾಯಲ್ಲಿ ಒಮ್ಮೆ ಹೇಳಿಸಿ ನೋಡಿ.

ಕುಶಾಲನಗರದಿಂದ, ಅಚ್ಚಗನ್ನಡದ ಪರವಾಗಿ

ಬಾಹ್ಯಾಕಾಶ, ದೂರದರ್ಶಕ, ಗುರುತ್ವ, ಮಸೂರ, ದ್ರವ್ಯ. ಇಡೀ ಫ್ಲೆಕ್ಸಿನಲ್ಲಿ ಕನ್ನಡದ್ದು ಅಂತ ಇರೋದು ‘ಹುಡುಕುತ್ತಿರುವ’ ಒಂದೇ! ಬಾನರಿಮೆಗೆ ನಮ್ಮ ನುಡಿಯಲ್ಲಿ ಪದ ಇಲ್ಲವೇ? ‘ಕಾಣದ ಸರಕು’ ಅನ್ನಿ. ಎಲ್ಲರಿಗೂ ತಿಳಿಯುತ್ತದೆ.

ಸೋಮವಾರಪೇಟೆ

ಕಾಣದ ಸರಕಾ? ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಹಿಡೀತಾರೆ ಮಾರಾಯ್ರೇ.

ತಮಾಷೆ ಬಿಡಿ. ನಮ್ಮ ತಾತ ದೂರದರ್ಶಕ ಅಂದವರಲ್ಲ, ದುರ್ಬೀನು ಅಂತಿದ್ರು. ಅದು ಪಾರ್ಸಿ. ಪಾರ್ಸಿಯ ‘ದೂರ್’ ಸಂಸ್ಕೃತದ ದೂರಕ್ಕೇ ನೆಂಟ. ತೋಟದಲ್ಲಿ ರೈಟರ್, ಪಲ್ಪರ್, ಲೈನ್‌ಮನೆ ಎಲ್ಲ ಹೊರಗಿನಿಂದ ಬಂದವೇ. ಕಾಫಿಗೇ ಕನ್ನಡದ ಹೆಸರಿಲ್ಲ. ಹಾಗಂತ ಬೆಳೆಯೋದು ಬಿಟ್ಟಿದ್ದೀವಾ?

ಕುಶಾಲನಗರ

ಬೆಳೆ ತಂದದ್ದು ಬೇರೆ, ಪದ ತಂದದ್ದು ಬೇರೆ. ಕಾಫಿ ಇಲ್ಲಿ ಇರಲಿಲ್ಲ, ಹೆಸರು ಜೊತೆಗೇ ಬಂತು. ‘ಕಾಣದ’ ಇಲ್ಲೇ ಇತ್ತು. ಇದ್ದದ್ದನ್ನು ಬಿಟ್ಟು ಎರವಲು ತರೋದು ಯಾಕೆ? ಇದೇ ನನ್ನ ತಕರಾರು.

ವಿರಾಜಪೇಟೆ

ಸಂಸ್ಕೃತವನ್ನು ಎರವಲು ಅನ್ನುವವರ ಜೊತೆ ನನಗೆ ಮಾತಿಲ್ಲ.

ಮಡಿಕೇರಿ, ಪ್ರಶ್ನೆ ಕೇಳಿದವಳು

ಜಗಳ ಆಮೇಲೆ ಆಡಿ, ದಮ್ಮಯ್ಯ. ‘ಕಾಣದ’ಕ್ಕೆ ಇಬ್ಬರಾದರೂ ಒಪ್ಪಿದ್ದೀರಿ, ಅಷ್ಟು ಸಾಕು. ‘ಯೂಕ್ಲಿಡ್ ಹುಡುಕುತ್ತಿರುವ ಕಾಣದ ದ್ರವ್ಯ’ ಅಂತ ದಪ್ಪಕ್ಷರದಲ್ಲಿ, ಕೆಳಗೆ ಸಣ್ಣದಾಗಿ ‘ಡಾರ್ಕ್ ಮ್ಯಾಟರ್’ ಅಂತ ಕಳಿಸುತ್ತಿದ್ದೇನೆ. ಗುರುತ್ವ ಮಸೂರ ಹಾಗೇ ಇರಲಿ. ಆದರೆ ವಿಶ್ವದ ಪಾಲು ತೋರಿಸುವ ಚಿತ್ರದಲ್ಲಿ ಕಾಣದ ದ್ರವ್ಯ ಸುಮಾರು 27 ಶೇಕಡಾ, ನಮಗೆ ಗೊತ್ತಿರುವ ದ್ರವ್ಯ 5, ಉಳಿದ 68 ಡಾರ್ಕ್ ಎನರ್ಜಿ. ಅದನ್ನು ‘ಕಾಣದ ಶಕ್ತಿ’ ಅನ್ನಲೇ?

ಸೋಮವಾರಪೇಟೆ

ಅನ್ನಬೇಡಿ ಮೇಡಂ. ಗುಳಿಗ ದೈವದ ಕಟ್ಟೆ ಅಂತ ಫ್ಲೆಕ್ಸಿನ ಮುಂದೆ ಕಾಯಿ ಒಡೀತಾರೆ.

ಮಡಿಕೇರಿ

ಸರಿ, ಅದು ಇಂಗ್ಲಿಷಿನಲ್ಲೇ ಇರಲಿ. ಅಂಗಡಿಯವರ ಫೋನ್ ಬರ್ತಿದೆ.

ವಿರಾಜಪೇಟೆ

ಒಂದೇ ಫ್ಲೆಕ್ಸಿನಲ್ಲಿ ಎರಡು ನೀತಿ!