ಕುಂದಾಪುರದ ಹತ್ತಿರ ಕಡಲ ಬದಿಯ ಹಳೆ ಮನೆ: ಮುಂಗಡ ಕೊಡಬಹುದಾ?

ಪ್ರಶ್ನೆ:
ನಮಸ್ಕಾರ ಮೇಡಂ. ನಾವು ಬೆಂಗಳೂರಿನಲ್ಲಿದ್ದೇವೆ. ನಮ್ಮ ಯಜಮಾನರಿಗೆ ಮುಂದಿನ ವರ್ಷ ನಿವೃತ್ತಿ. ಕುಂದಾಪುರದ ಹತ್ತಿರದ ಒಂದು ಗ್ರಾಮದಲ್ಲಿ ಹಳೆ ಹಂಚಿನ ಮನೆ ನೋಡಿ ಬಂದೆವು. ಜಗಲಿಯಲ್ಲಿ ಕೂತರೆ ತೆಂಗಿನ ಮರಗಳ ನಡುವೆ ಸಮುದ್ರ ಕಾಣುತ್ತದೆ. ಇಬ್ಬರಿಗೂ ತುಂಬಾ ಇಷ್ಟವಾಗಿದೆ. ಬ್ರೋಕರ್ 32 ಸೆಂಟ್ಸ್ ಎನ್ನುತ್ತಾರೆ, ಪಹಣಿಯಲ್ಲಿ 22 ಮಾತ್ರ ಇದೆ. ಕೇಳಿದರೆ, ಉಳಿದ 10 ಸೆಂಟ್ಸ್ ಕುಮ್ಕಿ, ಅಜ್ಜನ ಕಾಲದಿಂದ ಅವರದ್ದೇ ಎಂದರು. ಮಾರುವವರು ಒಬ್ಬರೇ ಮಾತಾಡುತ್ತಿದ್ದಾರೆ. ಅವರ ಅಣ್ಣ ಮುಂಬೈಯಲ್ಲಿ, ತಂಗಿ ದುಬೈಯಲ್ಲಿ ಇದ್ದಾರಂತೆ. ಮುಂದೆ ಈ ಮನೆ ಕೆಡವಿ ಮಹಡಿ ಮನೆ ಕಟ್ಟುವ ಆಸೆ ನಮಗೆ. ಈ ವಾರವೇ 5 ಲಕ್ಷ ಮುಂಗಡ ಕೊಡಿ, ಇಲ್ಲದಿದ್ದರೆ ಬೇರೆ ಪಾರ್ಟಿ ಬಂದಿದೆ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ (ವಕೀಲರು, ಕುಂದಾಪುರ):
ನಮಸ್ಕಾರ. ಈ ವಾರ ಮುಂಗಡ ಕೊಡಬೇಡಿ. ಮನೆ ಚೆನ್ನಾಗಿಯೇ ಇರಬಹುದು, ಮಾರುವವರೂ ಒಳ್ಳೆಯವರೇ ಇರಬಹುದು. ಆದರೆ ನಿಮಗೆ ತೋರಿಸಿದ ಜಾಗ ಬೇರೆ, ನಿಮ್ಮ ಹೆಸರಿಗೆ ಬರಬಹುದಾದ ಜಾಗ ಬೇರೆ ಎಂದು ನೀವು ಬರೆದದ್ದರಲ್ಲೇ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಹೊರಗಿನಿಂದ ಬಂದವರು ಸೋಲುವುದು ಹೆಚ್ಚಾಗಿ ಇಲ್ಲೇ.

ಮೊದಲು ಕುಮ್ಕಿ ವಿಷಯ ಮುಗಿಸೋಣ. ವರ್ಗ ಜಾಗದ (ಕಂದಾಯ ಕಟ್ಟುವ ಖಾಸಗಿ ಪಟ್ಟಾ ಜಾಗದ) ಗಡಿಯಿಂದ ನೂರು ಗಜದ ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರಲು, ದನ ಮೇಯಿಸಲು ವರ್ಗದಾರರಿಗೆ ಇದ್ದ ಸವಲತ್ತು ಅದು. ಜಾಗ ಸರ್ಕಾರದ್ದೇ. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ, ನೋಂದಣಿಯೂ ಆಗುವುದಿಲ್ಲ. ಅದರಲ್ಲೂ ಸಮುದ್ರದ ಬದಿಗೆ ಬಂದರೆ ಅನೇಕ ಕಡೆ ಅದು ಕುಮ್ಕಿ ಕೂಡ ಅಲ್ಲ, ಪರಂಬೋಕು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಆಗಿರುತ್ತದೆ. ಹಾಗಾಗಿ 22 ಸೆಂಟ್ಸಿಗೆ ಮಾತ್ರ ಬೆಲೆ ಮಾತಾಡಿ. ಅದಕ್ಕೂ ಮೊದಲು ಸರ್ವೆಯರ್ ಕರೆಸಿ ಅಳತೆ ಮಾಡಿಸಿ, ಗಡಿ ಕಲ್ಲು ಎಲ್ಲಿ ಬರುತ್ತದೆ ಎಂದು ಕಣ್ಣಾರೆ ನೋಡಿ. ಬೇಲಿಯನ್ನು ನಂಬಬೇಡಿ. ಬಾವಿ, ಬಚ್ಚಲು, ಜಗಲಿಯ ಎದುರಿನ ತೆಂಗಿನ ಸಾಲು ಇವೆಲ್ಲ ಕಲ್ಲಿನ ಆಚೆ ಬರುವುದು ಇಲ್ಲಿ ಹೊಸತಲ್ಲ. ಬಾವಿಯೇ ಹೊರಗೆ ಹೋದರೆ ಆ ಮನೆಯ ಬೆಲೆ ಎಷ್ಟು ಇಳಿಯುತ್ತದೆ ಎಂದು ನೀವೇ ಯೋಚಿಸಿ.

ಎರಡನೆಯದು ಮಹಡಿ ಮನೆಯ ಆಸೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲ ಕಾಗದ ಸರಿ ಇದ್ದರೂ ಇಲ್ಲಿ ಸಿಕ್ಕಿಬೀಳಬಹುದು.

ಸಮುದ್ರದ ಬದಿಯ ಜಾಗಕ್ಕೆಲ್ಲ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಇದೆ. ಉಬ್ಬರದ ಗೆರೆಯಿಂದ 500 ಮೀಟರ್ ತನಕ ಅದರ ವ್ಯಾಪ್ತಿ. ಈ ಗೆರೆ ಎಂದರೆ ನೀವು ಹೋದ ದಿನ ಅಲೆ ಮುಟ್ಟಿದ ಜಾಗ ಅಲ್ಲ. ಅದನ್ನು ಸರ್ಕಾರದ ನಕ್ಷೆಯಲ್ಲಿ ಗುರುತು ಮಾಡಿದ್ದಾರೆ. 2019ರ ಅಧಿಸೂಚನೆ ಪ್ರಕಾರ ಗ್ರಾಮದ ಜಾಗಗಳು ಸಿಆರ್‌ಝಡ್-3ರಲ್ಲಿ ಬರುತ್ತವೆ. ಅದರಲ್ಲಿ ಎರಡು ಭಾಗ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಊರು 3ಎ, ಉಳಿದದ್ದು 3ಬಿ. 3ಎ ಆದರೆ ಉಬ್ಬರದ ಗೆರೆಯಿಂದ 50 ಮೀಟರ್ ತನಕ ಹೊಸದಾಗಿ ಕಟ್ಟುವ ಹಾಗಿಲ್ಲ. 3ಬಿ ಆದರೆ 200 ಮೀಟರ್ ತನಕ. ಜಗಲಿಯಿಂದ ಸಮುದ್ರ ಕಾಣುತ್ತದೆ ಎಂದಿರಿ. ಅಷ್ಟು ಹತ್ತಿರ ಇದ್ದು ಊರು 3ಬಿ ಆಗಿದ್ದರೆ ನಿಮ್ಮ ಮನೆ ಆ 200 ಮೀಟರ್ ಒಳಗೇ ಇರುವ ಸಾಧ್ಯತೆ ದೊಡ್ಡದು.

ಹಾಗಿದ್ದರೆ ಈಗಿರುವ ಮನೆ ಬಿಟ್ಟು ಹೋಗಬೇಕಾ? ಇಲ್ಲ. ಅಧಿಕೃತವಾಗಿ ಇರುವ ಮನೆಯನ್ನು ರಿಪೇರಿ ಮಾಡಬಹುದು, ಅನುಮತಿ ಪಡೆದು ಮರಳಿ ಕಟ್ಟಲೂಬಹುದು. ಆದರೆ ಈಗಿನ ತಳಪಾಯದ ಅಳತೆ, ಈಗಿನ ಒಟ್ಟು ವಿಸ್ತೀರ್ಣ ಮೀರುವಂತಿಲ್ಲ. ಮಹಡಿ ಏರಿಸಲು ಆಗುವುದಿಲ್ಲ. 'ಅಧಿಕೃತ' ಎಂದು ತೋರಿಸಲು ಹಳೆ ಕಾಗದ ಬೇಕು. ಮೊದಲ ಸಿಆರ್‌ಝಡ್ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ರಂದು. ಅದಕ್ಕಿಂತ ಹಿಂದಿನ ಮನೆ ತೆರಿಗೆ ರಶೀದಿ, ಕರೆಂಟ್ ಸಂಪರ್ಕದ ಕಾಗದ ಮಾರುವವರ ಪೆಟ್ಟಿಗೆಯಲ್ಲಿ ಇದ್ದರೆ ಈಗಲೇ ತೆಗೆಸಿಕೊಳ್ಳಿ. ಮನೆ ಕೈ ಬದಲಾದ ಮೇಲೆ ಅವನ್ನು ಹುಡುಕುವುದು ಬಹಳ ಕಷ್ಟ.

ಕಟ್ಟಬಾರದ ಈ 50 ಅಥವಾ 200 ಮೀಟರ್ ದಾಟಿ, 500 ಮೀಟರ್ ಒಳಗೆ ಇದ್ದರೂ ಸುಮ್ನೆ ಕಟ್ಟುವ ಹಾಗಿಲ್ಲ. ಅಲ್ಲಿ ಎತ್ತರ 9 ಮೀಟರ್ ಮೀರಬಾರದು, ನೆಲಮಹಡಿ ಮತ್ತು ಮೇಲೊಂದು ಅಷ್ಟೇ. ಅದು ಕೂಡ ಸ್ಥಳೀಯರ ಸಾಂಪ್ರದಾಯಿಕ ಹಕ್ಕು, ರೂಢಿ ಬಳಕೆಯ ಚೌಕಟ್ಟಿನಲ್ಲಿ. ಹೊರಗಿನಿಂದ ಬಂದು ಖಾಲಿ ಸೈಟು ಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಮಾಡಬೇಕಾದ್ದು ಇಷ್ಟು. ಸರ್ವೆ ನಂಬರು ಹಿಡಿದು ಮಣಿಪಾಲದ ಜಿಲ್ಲಾ ಕಚೇರಿ ಸಂಕೀರ್ಣಕ್ಕೆ ಹೋಗಿ. ಅಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ, ಈ ಸರ್ವೆ ನಂಬರು ಸಿಆರ್‌ಝಡ್‌ನ ಯಾವ ವಲಯದಲ್ಲಿ ಬರುತ್ತದೆ, ಉಬ್ಬರದ ಗೆರೆಯಿಂದ ಎಷ್ಟು ದೂರ ಎಂದು ಬರಹದಲ್ಲಿ ಕೇಳಿ. ಪಕ್ಕದವರು ಮೂರು ಮಹಡಿ ಕಟ್ಟಿದ್ದಾರಲ್ಲ ಎಂದು ಬ್ರೋಕರ್ ಹೇಳಬಹುದು. ಪಕ್ಕದವರು ಕಟ್ಟಿದ್ದು ನಿಮಗೆ ಅನುಮತಿ ಆಗುವುದಿಲ್ಲ.

ಅದೇ ಓದುಗರು:
ಮೇಡಂ, ಇಷ್ಟೆಲ್ಲ ಗೊತ್ತೇ ಇರಲಿಲ್ಲ. ಹಾಗಾದರೆ ಸಮುದ್ರ ಬಿಟ್ಟು ಹೊಳೆ ಬದಿಯಲ್ಲಿ ನೋಡಿದರೆ ಈ ತೊಂದರೆ ಇರುವುದಿಲ್ಲವಾ? ಇನ್ನೊಂದು, ಅಣ್ಣ ತಂಗಿಯರ ಸಹಿ ಬೇಕೇ ಬೇಕಾ? 'ಮನೆ ನನಗೇ ಬಿಟ್ಟಿದ್ದು' ಎನ್ನುತ್ತಾರೆ ಅವರು.

ಉತ್ತರ:
ಹೊಳೆ ಬದಿಗೂ ಇದೆ. ಉಬ್ಬರ ಇಳಿತ ಇರುವ ಹೊಳೆ, ಹಿನ್ನೀರಿನ ದಡದಿಂದ 50 ಮೀಟರ್ ಅಥವಾ ಆ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ನಿಯಮ ಅನ್ವಯ ಆಗುತ್ತದೆ. ಕುಂದಾಪುರಕ್ಕೆ ಮೂರು ಕಡೆ ನೀರು. ಪಂಚಗಂಗಾವಳಿಯ ಹಿನ್ನೀರು ಎಲ್ಲೆಲ್ಲಿ ಒಳಗೆ ಬಂದಿದೆ ಎಂದು ಮ್ಯಾಪ್ ನೋಡಿದರೆ ಗೊತ್ತಾಗುತ್ತದೆ. ಪುರಸಭೆ ವ್ಯಾಪ್ತಿಯಲ್ಲಿ, ಮೊದಲೇ ಮನೆಗಳು ಕಟ್ಟಿಕೊಂಡಿರುವ ಜಾಗ ಸಾಮಾನ್ಯವಾಗಿ ಸಿಆರ್‌ಝಡ್-2 ಆಗುತ್ತದೆ. ಅಲ್ಲಿ ಮೊದಲಿನಿಂದ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದಿಂದ ಊರ ಬದಿಗೆ ಕಟ್ಟಲು ಅವಕಾಶ ಇದೆ. ಮಹಡಿ ಮನೆ ಬೇಕೇ ಬೇಕು ಎಂದಾದರೆ, ಪೇಟೆಯ ಒಳಗೆ ನೋಡಿ ಎಂದೇ ನನ್ನ ಸಲಹೆ. ಸಂಜೆ ಸಮುದ್ರಕ್ಕೆ ನಡೆದು ಹೋಗಿ ಬರಬಹುದು, ಆಸ್ಪತ್ರೆ, ಬಸ್ ಸ್ಟ್ಯಾಂಡ್ ಹತ್ತಿರ ಇರುತ್ತದೆ. ನಿಮ್ಮ ವಯಸ್ಸಿಗೆ ಅದು ದೊಡ್ಡ ವಿಷಯ.

ಸಹಿ ವಿಷಯಕ್ಕೆ ಬರೋಣ. ಪಹಣಿಯ 9ನೇ ಕಲಂ ಓದಿ. ಅಲ್ಲಿ ಮೂವರ ಹೆಸರಿದ್ದು ಕೊನೆಯಲ್ಲಿ 'ಜಂಟಿ' ಎಂದಿದ್ದರೆ ಮೂವರ ಸಹಿಯೂ ಬೇಕು. ಒಬ್ಬರ ಹೆಸರೇ ಇದ್ದರೂ ಕಥೆ ಮುಗಿಯುವುದಿಲ್ಲ. ಆ ಹೆಸರು ಹೇಗೆ ಬಂತು ಎಂದು 10ನೇ ಕಲಂನ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರು ಹಿಡಿದು ಹಿಂದೆ ಹೋಗಬೇಕು. ನೋಂದಣಿ ಆದ ಪಾಲುಪಟ್ಟಿ ಇದೆಯಾ, ವೀಲುನಾಮೆ ಇದೆಯಾ, ಅಥವಾ ಊರಲ್ಲಿದ್ದವರ ಹೆಸರಿಗೆ ಸುಮ್ನೆ ಖಾತೆ ಮಾಡಿಸಿದ್ದಾ? ಖಾತೆ ಒಬ್ಬರ ಹೆಸರಲ್ಲಿದ್ದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. 'ಬಿಟ್ಟಿದ್ದು' ಎಂಬ ಬಾಯಿಮಾತು ಸಾಲದು. ನೋಂದಣಿ ಆದ ಹಕ್ಕು ಖುಲಾಸೆ ಪತ್ರ ಇರಬೇಕು.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಕುಂದಾಪುರ 1956ರ ತನಕ ಮದ್ರಾಸಿಗೆ ಸೇರಿತ್ತು. ಬಂಟರು, ಮೊಗವೀರರು, ಬಿಲ್ಲವರು ಸೇರಿ ಅನೇಕ ಕುಟುಂಬಗಳಲ್ಲಿ ಅಳಿಯಸಂತಾನ ಕಟ್ಟು (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) ಇತ್ತು, ಅದಕ್ಕೆ 1949ರ ಮದ್ರಾಸ್ ಕಾಯಿದೆಯೂ ಇತ್ತು. ಇಂಥ ಕುಟುಂಬದ ಹಳೆ ಆಸ್ತಿ ಆದರೆ ವಂಶವೃಕ್ಷವನ್ನು ತಾಯಿಯ ಕಡೆಯಿಂದ ಬರೆದು ನೋಡಬೇಕು. ಅಜ್ಜಿ, ಅಜ್ಜಿಯ ತಂಗಿಯರು, ಅವರ ಮಕ್ಕಳು. ತಂದೆಯ ಕಡೆಯ ವಂಶವೃಕ್ಷ ಮಾತ್ರ ತಂದು 'ವಾರಸುದಾರರು ಇಷ್ಟೇ' ಎಂದರೆ ಅರ್ಧ ಜನ ಬಿಟ್ಟುಹೋಗಿರಬಹುದು. ಬೆಂಗಳೂರಿನ ವಕೀಲರು ಎಷ್ಟೇ ಜಾಣರಾದರೂ ಇದನ್ನು ಇಲ್ಲಿಯವರಿಗೆ ತೋರಿಸುವುದು ಒಳ್ಳೆಯದು.

ದುಬೈಯ ತಂಗಿ ಬರಲು ಆಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ಅಧಿಕಾರಪತ್ರ ಮಾಡಿ ಕಳಿಸಬಹುದು. ಅದು ಭಾರತಕ್ಕೆ ಬಂದ ಮೂರು ತಿಂಗಳ ಒಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆದರೆ ಅಧಿಕಾರಪತ್ರವನ್ನೇ ಕ್ರಯಪತ್ರದ ಬದಲು ತೆಗೆದುಕೊಳ್ಳಬೇಡಿ. ಅಂಥ ಮಾರಾಟದಿಂದ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಗುಂಪಿನ ಇನ್ನೊಬ್ಬ ಸದಸ್ಯರು:
ನಾವೂ ಅದೇ ಕಡೆ ಒಂದು ಮನೆ ನೋಡಿದ್ದೇವೆ ಮೇಡಂ. ಹಿತ್ತಿಲಲ್ಲಿ ನಾಗಬನ ಇದೆ. ಅದೂ ನಮ್ಮದೇ ಆಗುತ್ತದಾ? ಮತ್ತೆ, ಹೋಂಸ್ಟೇ ಮಾಡಿದರೆ ಸಾಲದ ಕಂತು ತಾನಾಗಿ ಹೋಗುತ್ತದೆ ಎನ್ನುತ್ತಾರೆ, ನಿಜವಾ?

ಉತ್ತರ:
ನಾಗಬನದ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಅನೇಕ ಕ್ರಯಪತ್ರಗಳಲ್ಲಿ ಬನದ ಜಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಾರಿರುತ್ತಾರೆ. ಕುಟುಂಬದವರು ನಾಗರಪಂಚಮಿಗೆ, ತಂಬಿಲಕ್ಕೆ ಬಂದು ಹೋಗಲು ದಾರಿ ಕಾದಿರಿಸಿರುತ್ತಾರೆ. ಕಾಗದದಲ್ಲಿ ಇಲ್ಲದಿದ್ದರೂ ಅವರು ಬರುತ್ತಾರೆ, ಬರಲೇಬೇಕು. ಆ ಕುಟುಂಬಕ್ಕೆ ಅದು ಮೂಲ ಜಾಗ. ಹಾಗಾಗಿ ಬನ ಎಷ್ಟು ಅಗಲ, ದಾರಿ ಎಲ್ಲಿಂದ, ಎಷ್ಟು ಅಡಿ, ಇದನ್ನು ಸ್ಕೆಚ್‌ನಲ್ಲಿ ತೋರಿಸಿ ಕ್ರಯಪತ್ರದಲ್ಲಿ ಬರೆಸಿ. ಮರ ಕಡಿಯುವುದು, ಕಲ್ಲು ಸ್ಥಳಾಂತರಿಸುವುದು ಇಂಥ ಯೋಚನೆ ಇದ್ದರೆ ಆ ಮನೆ ಕೊಳ್ಳಬೇಡಿ. ಊರಿನವರ ಜೊತೆ ಬದುಕಬೇಕಲ್ವಾ.

ಹೋಂಸ್ಟೇ ಲೆಕ್ಕ ಇಟ್ಟುಕೊಂಡು ಸಾಲ ಮಾಡಬೇಡಿ. ಮನೆಯ ಅಳತೆ, ವಿನ್ಯಾಸ, ಮುಖ ಬದಲಿಸದೆ ಹೋಂಸ್ಟೇ ನಡೆಸಲು ಸಿಆರ್‌ಝಡ್ ನಿಯಮದಲ್ಲಿ ಅವಕಾಶ ಇರುವುದು ಮೀನುಗಾರರೂ ಸೇರಿದಂತೆ ಸ್ಥಳೀಯರಿಗೆ. ಮೇಲೆ ಎರಡು ರೂಮು ಹಾಕಿ ಬಾಡಿಗೆಗೆ ಬಿಡುತ್ತೇನೆ ಎಂದರೆ ಅದು ಬೇರೆಯೇ ವಿಷಯ.

ಗುಂಪಿನ ಸಿವಿಲ್ ಎಂಜಿನಿಯರ್:
ಮೇಡಂ ಕಾಗದದ ವಿಷಯ ಹೇಳಿದರು, ನಾನು ಮನೆ ಮತ್ತು ನೀರಿನ ಬಗ್ಗೆ ಸೇರಿಸುತ್ತೇನೆ.

ಬಾವಿಯ ನೀರನ್ನು ಮೇ ತಿಂಗಳ ಕೊನೆಗೆ ಪರೀಕ್ಷೆ ಮಾಡಿಸಿ. ಮಳೆ ಮುಗಿದ ಮೇಲೆ ನೋಡಿದರೆ ಎಲ್ಲ ಬಾವಿಯ ನೀರೂ ಸಿಹಿಯೇ. ಕಡಲ ಬದಿಯ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತದೆ. ಬೇಸಿಗೆಯಲ್ಲಿ ಪಂಪ್ ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1000 ತನಕ ಒಪ್ಪುತ್ತಾರೆ. 'ಉಪ್ಪಾದರೆ ಬೋರ್ ಹೊಡೆಸಿ' ಎಂಬ ಮಾತು ಕೇಳಬೇಡಿ. ಇಷ್ಟು ಹತ್ತಿರದಲ್ಲಿ ಆಳಕ್ಕೆ ಹೋದಷ್ಟೂ ಉಪ್ಪೇ ಸಿಗುವುದು.

ಹಂಚಿನ ಮನೆಗೆ ಹೆದರಬೇಡಿ. ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆ, ಹಲಸಿನ ಮರದ ಪಕ್ಕಾಸು (ಹಂಚು ಹೊರುವ ಓರೆ ಮರದ ತುಂಡುಗಳು) ಇದ್ದರೆ ಇಲ್ಲಿಯ ಉಪ್ಪುಗಾಳಿ, ಮಳೆ ತಡೆಯಲು ಅದೇ ಒಳ್ಳೆಯದು. ಪಕ್ಕಾಸು ಗೋಡೆಯ ಮೇಲೆ ಕೂರುವ ಜಾಗಕ್ಕೆ ಏಣಿ ಹತ್ತಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮರ ಗಟ್ಟಿಯಿದ್ದರೆ ತುದಿ ಒಳಗೆ ಹೋಗುವುದಿಲ್ಲ. ಒರಲೆ (ಗೆದ್ದಲು) ಹಿಡಿದಿದ್ದರೆ ಪುಡಿ ಉದುರುತ್ತದೆ. ಮಾಡು (ಸೂರು) ಹಾಳಾಗುವುದು ಅಲ್ಲಿಂದಲೇ.

ನನಗೆ ಹೆದರಿಕೆ ಇರುವುದು ಹಿಂಬದಿಗೆ ಆಮೇಲೆ ಸೇರಿಸಿದ ಕಾಂಕ್ರೀಟ್ ಅಡುಗೆಮನೆ, ಬಚ್ಚಲಿನ ಬಗ್ಗೆ. ಉಪ್ಪು ಮರಳು ಹಾಕಿ ಮಾಡಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಕಂದು ಗೆರೆ ಇದೆಯಾ ನೋಡಿ, ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಟೊಳ್ಳು ಶಬ್ದ ಬಂದರೆ ಅದನ್ನು ಕೆಡವುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹೊಸದಾಗಿ ಮಾಡುವಾಗ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಡಲ ಬದಿಗೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಇರಲಿ. ಬೆಂಗಳೂರಿನ ಅಂದಾಜಿನಲ್ಲಿ ಮಾಡಿಸಬೇಡಿ.

ಒಮ್ಮೆ ಜುಲೈಯಲ್ಲೂ ಹೋಗಿ ನೋಡಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಮಳೆಗಾಲದಲ್ಲಿ ಅಲ್ಲಿಯ ಕಡಲ್ಕೊರೆತ ನೋಡಿದವರಿಗೆ ದಡ ನಿಂತಲ್ಲೇ ನಿಲ್ಲುವುದಿಲ್ಲ ಎಂದು ಗೊತ್ತು. ನಿಮ್ಮ ಮನೆಯ ಎದುರಿನ ದಡ ಹೇಗಿದೆ ಎಂದು ಪಕ್ಕದ ಮೀನುಗಾರರ ಮನೆಯಲ್ಲಿ ಕೇಳಿ. ಬ್ರೋಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೊದಲ ಓದುಗರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮನೆ ಇನ್ನೂ ಬೇಕು ಅನ್ನಿಸುತ್ತಿದೆ, ಮಹಡಿ ಆಸೆ ಬಿಡುತ್ತೇವೆ. ಬೆಲೆ ಬಿಟ್ಟು ಖರ್ಚು ಎಷ್ಟು ಬರುತ್ತದೆ? ಮುಂಗಡ ಯಾವಾಗ ಕೊಡಬಹುದು?

ಉತ್ತರ (ವಕೀಲರು):
ಗ್ರಾಮದಲ್ಲಿ ಮುದ್ರಾಂಕ ಶುಲ್ಕ 5 ಶೇಕಡಾ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2 ಶೇಕಡಾ ಆಗಿದೆ. ಒಟ್ಟು 7.65 ಶೇಕಡಾ ಇಟ್ಟುಕೊಳ್ಳಿ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ 1 ಶೇಕಡಾ ಟಿಡಿಎಸ್ (ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ದುಬೈಯ ತಂಗಿ ಅನಿವಾಸಿ ಆದರೆ ಅವರ ಪಾಲಿಗೆ ಈ 1 ಶೇಕಡಾ ಸಾಲದು, ದರ ತುಂಬಾ ಜಾಸ್ತಿ. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ನಿಮ್ಮನ್ನು. ಆ ಭಾಗಕ್ಕೆ ಮಾತ್ರ ಒಬ್ಬ ಆಡಿಟರ್ ಹಿಡಿಯಿರಿ.

ಮನೆ ಜಾಗ ಭೂ ಪರಿವರ್ತನೆ ಆಗಿದೆಯಾ, ಪಂಚಾಯತಿಯ ಆಸ್ತಿ ದಾಖಲೆಯ ನಮೂನೆ 9 ಮತ್ತು 11 ಬಂದಿದೆಯಾ ಎಂದೂ ಕೇಳಿ. ಕೃಷಿ ಜಾಗವೆಂದೇ ಉಳಿದಿದ್ದರೆ ಮನೆ ಸಾಲ ಸಿಗುವುದು ಕಷ್ಟ. ವಾಹನ ಹೋಗುವ ದಾರಿ ಕಾಗದದಲ್ಲಿ ಇದೆಯಾ ಎಂದೂ ನೋಡಿ.

ಇ.ಸಿ.ಯನ್ನು (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ತೆಗೆಸಿ, ಅದು ಮುಟ್ಟದ ಹಳೆ ವರ್ಷಗಳದ್ದನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಿ. ಸರ್ವೆ ಸ್ಕೆಚ್, ಸಿಆರ್‌ಝಡ್ ಉತ್ತರ, ಮೂವರ ಒಪ್ಪಿಗೆ, ಈ ಮೂರು ಕೈಗೆ ಬಂದ ಮೇಲೆ ಕ್ರಯದ ಕರಾರು ಬರೆಸಿ. ಕರಾರನ್ನೂ ನೋಂದಣಿ ಮಾಡಿಸಿ, ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಿ. ಅಷ್ಟರಲ್ಲಿ ಬೇರೆ ಪಾರ್ಟಿ ಕೊಂಡರೆ ಕೊಳ್ಳಲಿ ಬಿಡಿ. ಪಹಣಿ, ಸರ್ವೆ ನಂಬರು ಇಲ್ಲಿ ಗುಂಪಿನಲ್ಲಿ ಹಾಕಬೇಡಿ, ನನಗೆ ನೇರವಾಗಿ ಕಳಿಸಿ.